ಕಂಡೇ ಇರದವರ ಬಗ್ಗೆ ನಮಗೇಕೆ ಅಷ್ಟೊಂದು ಗೊತ್ತು?

1933ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ 100 ವಿದ್ಯಾರ್ಥಿಗಳ ಕೈಗೆ ಗುಣಗಳ ಒಂದು ಪಟ್ಟಿ ಕೊಟ್ಟರು. ಜೊತೆಗೆ 10 ಜನಾಂಗ ಮತ್ತು ದೇಶಗಳ ಹೆಸರು. ಯಾರಿಗೆ ಯಾವ ಗುಣ ಒಪ್ಪುತ್ತದೆ, ಆರಿಸಿ ಎಂದರು. ಟರ್ಕಿಯವರು ಕ್ರೂರಿಗಳು ಎಂದು ಅನೇಕರು ಗುರುತು ಹಾಕಿದರು. ಅವರಲ್ಲಿ ಹೆಚ್ಚಿನವರು ಟರ್ಕಿಯ ಒಬ್ಬರನ್ನೂ ಕಂಡವರಲ್ಲ. ಮನಶ್ಶಾಸ್ತ್ರಜ್ಞರಾದ ಕಾಟ್ಜ್ ಮತ್ತು ಬ್ರೇಲಿ ನಡೆಸಿದ ಈ ಅಧ್ಯಯನದಿಂದ ಒಂದು ವಿಷಯ ಸ್ಪಷ್ಟವಾಯಿತು. ಜನರ ಬಗ್ಗೆ ನಮ್ಮ ತಲೆಯಲ್ಲಿರುವ ಚಿತ್ರಕ್ಕೆ ಅನುಭವ ಬೇಕೇ ಬೇಕು ಅಂತೇನಿಲ್ಲ. ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲೇ ಹೇಳಿದ್ದೂ ಇದನ್ನೇ: ನಾವು ನೋಡಿ ತೀರ್ಮಾನಿಸುವುದು ಕಡಿಮೆ, ತೀರ್ಮಾನಿಸಿ ನೋಡುವುದೇ ಜಾಸ್ತಿ.

ಅದೇ ಕಾಲದ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತಲೂ ದೊಡ್ಡದು ಅನ್ನಿಸುತ್ತದೆ. ರಿಚರ್ಡ್ ಲಾಪಿಯರ್ ಎಂಬ ಪ್ರೊಫೆಸರ್ ಒಬ್ಬ ಚೀನೀ ಯುವ ದಂಪತಿಯ ಜೊತೆ ಅಮೆರಿಕ ಸುತ್ತಿದರು. ಅಲ್ಲಿ ಚೀನೀಯರೆಂದರೆ ಮೂಗು ಮುರಿಯುತ್ತಿದ್ದ ಕಾಲ ಅದು. ಹೋಟೆಲ್, ಊಟದ ಜಾಗ ಎಲ್ಲ ಸೇರಿ 251 ಕಡೆ ಹೋದರು. ಇಲ್ಲ ಅಂದದ್ದು ಒಂದೇ ಕಡೆ. ಕೆಲವು ತಿಂಗಳು ಬಿಟ್ಟು ಅದೇ ಜಾಗಗಳಿಗೆ ಪತ್ರ ಬರೆದು, ಚೀನೀಯರು ಬಂದರೆ ಒಳಗೆ ಬಿಡುತ್ತೀರಾ ಎಂದು ಕೇಳಿದರು. ಉತ್ತರ ಕೊಟ್ಟವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಬಿಡುವುದಿಲ್ಲ ಎಂದು ಬರೆದರು. ಎದುರು ನಿಂತ ಮನುಷ್ಯರಿಗೆ ಬಾಗಿಲು ತೆರೆದಿತ್ತು. ಕಾಗದದ ಮೇಲಿನ ಹೆಸರಿಗೆ ಮುಚ್ಚಿತ್ತು. ಆದರೆ ಒಂದು ಮಾತು ಮರೆಯಬಾರದು. ಆ ದಂಪತಿಯ ಜೊತೆಗಿದ್ದದ್ದು ಒಬ್ಬ ಬಿಳಿಯ ಪ್ರೊಫೆಸರ್. ಅವರಿಬ್ಬರೇ ಹೋಗಿದ್ದರೆ ಎಷ್ಟು ಬಾಗಿಲು ತೆರೆಯುತ್ತಿತ್ತೋ!

1954ರಲ್ಲಿ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್, ಬೇರೆಬೇರೆ ಗುಂಪಿನವರು ಬೆರೆತರೆ ಪೂರ್ವಗ್ರಹ ಕಡಿಮೆಯಾಗುತ್ತದೆ ಎಂದರು. ಸುಮ್ನೆ ಅಕ್ಕಪಕ್ಕ ಕೂತರೆ ಸಾಲದು. ಸಮಾನ ಸ್ಥಾನ ಬೇಕು, ಒಂದೇ ಗುರಿಗಾಗಿ ಕೂಡಿ ದುಡಿಯಬೇಕು, ಅಧಿಕಾರದಲ್ಲಿರುವವರ ಬೆಂಬಲವೂ ಇರಬೇಕು.

ಸಮಾನ ಸ್ಥಾನ ಎಲ್ಲಿಂದ ಬರಬೇಕು? ಇಲ್ಲೇ ಪ್ರಿವಿಲೇಜ್, ಅಂದರೆ ಒಂದು ಗುಂಪಿನಲ್ಲಿ ಹುಟ್ಟಿದ ಮಾತ್ರಕ್ಕೇ ಸಿಗುವ ಅನುಕೂಲ, ಎಂಬ ಕಷ್ಟದ ವಿಷಯ ಬರುವುದು. ಬಡ ಬಿಳಿಯ ಕಾರ್ಮಿಕರಿಗೆ ಸಂಬಳ ಕಡಿಮೆ ಇದ್ದರೂ, ಬಿಳಿಯರಾದ್ದರಿಂದಲೇ ಸಿಗುವ ಮರ್ಯಾದೆ ಇನ್ನೊಂದು ಬಗೆಯ ಕೂಲಿ ಇದ್ದಹಾಗೆ ಎಂದು ಕಪ್ಪು ವಿದ್ವಾಂಸ ಡಬ್ಲ್ಯು. ಇ. ಬಿ. ಡುಬೋಯ್ಸ್ 1935ರಲ್ಲೇ ಬರೆದಿದ್ದರು. ಆ ವಿಚಾರ ಎಲ್ಲರ ಬಾಯಿಗೆ ಬರಲು ಇನ್ನೂ 50ಕ್ಕೂ ಹೆಚ್ಚು ವರ್ಷ ಹಿಡಿಯಿತು. 1988ರಲ್ಲಿ ಪೆಗ್ಗಿ ಮ್ಯಾಕಿಂಟೋಷ್ ಎಂಬ ಬಿಳಿಯ ಮಹಿಳೆ ತಮ್ಮ ದಿನನಿತ್ಯದ ಅನುಕೂಲಗಳ ಪಟ್ಟಿ ಮಾಡಿದರು. ಹೆಣ್ಣಿಗೆ ತೊಂದರೆ ಇದೆ ಎಂದು ಒಪ್ಪುವ ಗಂಡಸರು, ಅದರಿಂದ ತಮಗೆ ಲಾಭ ಇದೆ ಎಂಬುದನ್ನು ಮಾತ್ರ ಒಪ್ಪುತ್ತಿರಲಿಲ್ಲ. ಹಾಗಾದರೆ ಬಿಳಿಯ ಬಣ್ಣದಿಂದ ತನಗೂ ಲಾಭ ಇದೆಯೇ ಎಂದು ಪೆಗ್ಗಿ ತಮಗೇ ಪ್ರಶ್ನೆ ಹಾಕಿಕೊಂಡರು. ಅವರು ಬರೆದದ್ದು ಇಂಥವು: ಗಾಯಕ್ಕೆ ಹಾಕುವ ಪಟ್ಟಿ ತಮ್ಮ ಚರ್ಮದ ಬಣ್ಣದ್ದೇ ಇರುತ್ತದೆ. ಮೇಲಿನವರನ್ನು ಕರೆಯಿರಿ ಅಂದರೆ ಬರುವವರು ತಮ್ಮ ಬಣ್ಣದವರೇ. ಇಡೀ ಜನಾಂಗದ ಪರವಾಗಿ ನೀನೇ ಮಾತಾಡು ಎಂದು ಯಾರೂ ಕೇಳುವುದಿಲ್ಲ.

ಇದನ್ನು ಓದಿದರೆ ಕೆಲವರಿಗೆ ಸಿಟ್ಟು ಬರುತ್ತದೆ. "ನಾನೂ ಕಷ್ಟಪಟ್ಟೇ ಮೇಲೆ ಬಂದಿದ್ದೀನಿ, ಅಲ್ವಾ?" ಎನ್ನುತ್ತಾರೆ. ನಿಜ. ನಿಮಗೆ ಕಷ್ಟವೇ ಇರಲಿಲ್ಲ ಎಂದು ಯಾರೂ ಹೇಳುತ್ತಿಲ್ಲ. ಬಣ್ಣದಿಂದ ಬರುವ ಆ ಒಂದು ಕಷ್ಟ ಮಾತ್ರ ನಿಮ್ಮ ಪಾಲಿಗೆ ಬರಲಿಲ್ಲ, ಅಷ್ಟೇ. ನನಗೆ ನೋವಾಗುವುದು ಇನ್ನೊಂದು ಕಾರಣಕ್ಕೆ. ಅನುಭವಿಸಿದವರು ಹೇಳಿದಾಗ ಕೇಳಿಸದ ಮಾತು, ಅನುಕೂಲದಲ್ಲಿದ್ದವರು ಹೇಳಿದ ಮೇಲೆ ಕೇಳಿಸಿತು.

ಕೇಳುವಂತೆ ಮಾಡುವುದು ಹೇಗೆ? ಅಮೆರಿಕದ ಕಂಪನಿಗಳು ಪೂರ್ವಗ್ರಹ ಕಡಿಮೆ ಮಾಡಲು ನೌಕರರಿಗೆ ಕಡ್ಡಾಯ ತರಬೇತಿ ಇಟ್ಟು ನೋಡಿದವು. ಬಲವಂತ ಮಾಡಿದಷ್ಟೂ ಜನ ಸೆಟೆದುಕೊಳ್ಳುತ್ತಾರೆ ಎಂದು ಸಮಾಜಶಾಸ್ತ್ರಜ್ಞರಾದ ಡಾಬಿನ್ ಮತ್ತು ಕಲೇವ್ ತೋರಿಸಿದರು. 2016ರಲ್ಲಿ ಪ್ರಕಟವಾದ, ಸಂಶೋಧಕರಾದ ಬ್ರೂಕ್‌ಮನ್ ಮತ್ತು ಕಲ್ಲಾ ಅವರ ಪ್ರಯೋಗ ಬೇರೆ ದಾರಿ ಹಿಡಿಯಿತು. ಮಯಾಮಿಯಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗಿ, ಟ್ರಾನ್ಸ್‌ಜೆಂಡರ್ ಜನರ ಬಗ್ಗೆ ಸುಮಾರು 10 ನಿಮಿಷ ಮಾತಾಡಿದರು. ಉಪದೇಶ ಮಾಡಲಿಲ್ಲ. ನೀವು ಬೇರೆಯವರಂತಿಲ್ಲ ಎಂದು ನಿಮ್ಮನ್ನು ಯಾರಾದರೂ ಕೀಳಾಗಿ ಕಂಡದ್ದುಂಟಾ ಎಂದು ಕೇಳಿ, ಮನೆಯವರು ಹೇಳಿದ್ದನ್ನು ಕಿವಿಗೊಟ್ಟು ಕೇಳಿದರು. ಪೂರ್ವಗ್ರಹ ಕಡಿಮೆಯಾಯಿತು. 3 ತಿಂಗಳ ನಂತರವೂ ಆ ಬದಲಾವಣೆ ಉಳಿದಿತ್ತು. ಬಾಗಿಲು ತಟ್ಟಿದವರಲ್ಲಿ ಕೆಲವರು ಟ್ರಾನ್ಸ್‌ಜೆಂಡರ್, ಕೆಲವರು ಅಲ್ಲ. ಇಬ್ಬರ ಮಾತೂ ನಾಟಿತು.