ಗಲ್ಲಾದಲ್ಲಿ ಕೂರದ ಹುಡುಗ

ಮುಂಬೈಯ ಮಾಟುಂಗದಲ್ಲಿ ನಮ್ಮ ಮಾವನದು ಸಣ್ಣ ಹೋಟೆಲು. ಅವರ ಮಗನನ್ನು ಗಲ್ಲಾದಲ್ಲಿ ಕೂರಿಸಿದರೆ ಹತ್ತೇ ನಿಮಿಷ. ಗಿರಾಕಿಗೆ ಚಿಲ್ಲರೆ ಕೊಡುವುದು ಮರೆತು ಅಡುಗೆಮನೆಗೆ ಓಡಿ, ಇಡ್ಲಿ ಹಿಟ್ಟಿಗೆ ಬೀಟ್‌ರೂಟ್ ಹಾಕಿದರೆ ಹೇಗಿರುತ್ತೆ ಅಂತ ಭಟ್ಟರ ತಲೆ ತಿನ್ನುತ್ತಿದ್ದ. 'ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ದಾನೆ' ಅನ್ನುತ್ತಿದ್ದರು ಅತ್ತೆ. 36 ದಾಟಿದ ಮೇಲೆ ಡಾಕ್ಟರು ಅದಕ್ಕೊಂದು ಹೆಸರು ಕೊಟ್ಟರು, ಎಡಿಎಚ್‌ಡಿ. ಅಂದರೆ ಗಮನ ಒಂದು ಕಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ಈಗ ಅವನ ವಾಟ್ಸಾಪ್ ತುಂಬಾ ಒಂದೇ ಮಾತು: ಇದು ಕಾಯಿಲೆ ಅಲ್ಲ, ಬಿಸಿನೆಸ್ ಮಾಡುವವರಿಗೆ ವರ.

ಈ 'ವರ'ದ ಮಾತು ತೀರಾ ಈಚಿನದು. ಸ್ಕಾಟ್‌ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ 1798ರಲ್ಲೇ ಗಮನ ನಿಲ್ಲದ ತೊಂದರೆಯ ಬಗ್ಗೆ ಬರೆದಿದ್ದ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳಲ್ಲಿ ನೈತಿಕ ಹತೋಟಿಯ ದೋಷವಿದೆ ಅಂದರು. ಹೆಸರು ಕೇಳಿದರೇ ಬೈದ ಹಾಗಿದೆ, ಅಲ್ವಾ? ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1968ರಲ್ಲಿ ಇದು ಮಕ್ಕಳ ಅತಿ ಚಟುವಟಿಕೆ ಅಷ್ಟೇ ಆಗಿತ್ತು. 1980ರಲ್ಲಿ 'ಗಮನದ ಕೊರತೆ' ಆಯಿತು, 1987ರಲ್ಲಿ ಈಗಿನ ಹೆಸರು ಬಂತು.

ಒಳ್ಳೆಯದನ್ನೂ ಹುಡುಕಿದವರಲ್ಲಿ ಹಾಲಿ ವೈಟ್ ಮತ್ತು ಪ್ರೀತಿ ಶಾ ಎಂಬ ಇಬ್ಬರು ಸಂಶೋಧಕಿಯರ 2006ರ ಅಧ್ಯಯನ ನನಗೆ ಇಷ್ಟ. ಮಾಮೂಲಿ ವಸ್ತುವೊಂದನ್ನು ಇನ್ನು ಯಾವುದಕ್ಕೆಲ್ಲ ಬಳಸಬಹುದು ಅಂತ ಕೇಳಿದಾಗ ಎಡಿಎಚ್‌ಡಿ ಇದ್ದವರು ಮುಂದಿದ್ದರು. ಆದರೆ ಮೂರು ಪದಗಳಿಗೂ ಹೊಂದುವ ಒಂದೇ ಪದ ಹುಡುಕಿ ಅಂದಾಗ ಹಿಂದೆ ಬಿದ್ದರು. ವಾಟ್ಸಾಪಿನಲ್ಲಿ ಓಡಾಡುವುದು ಮೊದಲ ಅರ್ಧ ಮಾತ್ರ! 2020ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದವರಿಗೆ ಕಂಡದ್ದು ಇನ್ನೂ ಕುತೂಹಲದ್ದು. ಈ ಗುಣಗಳು ಜಾಸ್ತಿ ಇರುವ ಸಾಮಾನ್ಯ ಜನರಲ್ಲಿ ಹೊಸ ಯೋಚನೆ ಹೆಚ್ಚು, ಆದರೆ ಡಾಕ್ಟರ ಚೀಟಿ ಪಡೆಯುವಷ್ಟು ತೊಂದರೆ ಇದ್ದವರಲ್ಲಿ ಆ ಲಾಭ ಅಷ್ಟಾಗಿ ಕಾಣಲಿಲ್ಲ.

ವ್ಯಾಪಾರದ್ದೂ ಹೆಚ್ಚುಕಮ್ಮಿ ಇದೇ ಕಥೆ. 2016ರಲ್ಲಿ ಸಂಶೋಧಕ ಯೋಹಾನ್ ವಿಕ್ಲುಂಡ್ ಮತ್ತು ಜೊತೆಗಾರರು ಎಡಿಎಚ್‌ಡಿ ಇರುವ 14 ಉದ್ಯಮಿಗಳ ಜೊತೆ ಮಾತಾಡಿದರು. ಬೇರೆಯವರು ಲೆಕ್ಕ ಹಾಕುತ್ತಾ ಕೂತಿರುವಾಗ ಇವರು ಧುಮುಕಿಬಿಡುತ್ತಾರೆ, ಹಿಡಿಸಿದ ಕೆಲಸಕ್ಕೆ ಊಟ ನಿದ್ದೆ ಬಿಟ್ಟು ಅಂಟಿಕೊಳ್ಳುತ್ತಾರೆ. ದಿನದಿನದ ಲೆಕ್ಕಪತ್ರ ಅಂದರೆ ಮಾತ್ರ ತಲೆನೋವು.

ನಮ್ಮವನೂ ಹಾಗೇ ಧುಮುಕಿದವನು. ಎರಡು ಅಂಗಡಿ ಮುಚ್ಚಿದ, ಜಿಎಸ್‌ಟಿ ತಾರೀಖು ಮರೆತು ದಂಡ ಕಟ್ಟಿದ. ಡೊಂಬಿವ್ಲಿಯ ಮೂರನೆಯದು ನಾಲ್ಕು ವರ್ಷದಿಂದ ನಡೆಯುತ್ತಿದೆ. ಮೊನ್ನೆ ಹೋದಾಗ ರಾಗಿ ನೀರ್‌ದೋಸೆ ತಂದಿಟ್ಟು, ನಾನು ಬಾಯಿಗೆ ಹಾಕುವ ಮೊದಲೇ ಇನ್ನೇನೋ ನೆನಪಾಗಿ ಒಳಗೆ ಓಡಿದ. ಗಲ್ಲಾದಲ್ಲಿದ್ದ ಅವನ ಹೆಂಡತಿ ತಲೆ ಎತ್ತದೆ ನೋಟು ಎಣಿಸುತ್ತಾ ಕೂಗಿದಳು: 'ಮೆನು ಕಾರ್ಡ್ ಮಾತ್ರ ಈಗಲೇ ಪ್ರಿಂಟ್‌ಗೆ ಕೊಡ್ಬೇಡಿ ಮಾರಾಯ್ರೆ!'