ಬಟ್ಟಲಿನ ಮೇಲಿನ ‘ಫೊ’

ಇಟಲಿಯ ಫಲೇರಿ ಎಂಬ ಹಳೆಯ ಊರಿನಲ್ಲಿ ಸಿಕ್ಕ ಮಣ್ಣಿನ ಬಟ್ಟಲೊಂದು ಈಗ ರೋಮ್‌ನ ವಿಲ್ಲಾ ಜೂಲಿಯಾ ಮ್ಯೂಸಿಯಂನಲ್ಲಿದೆ. ಕ್ರಿಸ್ತಪೂರ್ವ 4ನೇ ಶತಮಾನದ್ದು. ಅದರ ಮೇಲೆ ಹೀಗೆ ಬರೆದಿದೆ: ‘ಫೊಯೆದ್ ವಿನೊ ಪಿಪಾಫೊ, ಕ್ರಾ ಕರೇಫೊ’. ಇವತ್ತು ವೈನ್ ಕುಡಿಯುತ್ತೇನೆ, ನಾಳೆ ಅದಿಲ್ಲದೆ ಇರುತ್ತೇನೆ! ಭಾಷೆ ಫಲಿಸ್ಕನ್, ಲ್ಯಾಟಿನ್‌ಗೆ ತೀರಾ ಹತ್ತಿರದ ನೆಂಟ.

‘ಕರೇಫೊ’ ಲ್ಯಾಟಿನ್‌ನಲ್ಲಿ ‘ಕರೇಬೋ’. ಕೊನೆಯ ‘ಫೊ’, ‘ಬೋ’ ಎರಡೂ ಮುಂದೆ ಆಗುವುದನ್ನು ಹೇಳುತ್ತವೆ. ಹಾಗಾದರೆ ಇವೆರಡರ ಹಿಂದಿನ ತಾಯಿಭಾಷೆ ಪ್ರೋಟೋ-ಇಟಾಲಿಕ್‌ನಲ್ಲೂ ಇದು ಇತ್ತಾ? ಆ ಭಾಷೆಯ ಒಂದೇ ಒಂದು ಸಾಲೂ ಉಳಿದಿಲ್ಲ. ಮಕ್ಕಳ ಮಾತು ಕೇಳಿಯೇ ತಾಯಿಯ ಮಾತನ್ನು ಊಹಿಸಬೇಕು.

ದಾರಿ ತೋರಿಸಿದ್ದು ಸಂಸ್ಕೃತ. 1816ರಲ್ಲಿ ಜರ್ಮನಿಯ ಫ್ರಾಂಜ್ ಬಾಪ್ ಸಂಸ್ಕೃತ, ಗ್ರೀಕ್, ಲ್ಯಾಟಿನ್, ಪರ್ಷಿಯನ್, ಜರ್ಮನಿಕ್ ಭಾಷೆಗಳ ಕ್ರಿಯಾಪದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಲ್ಯಾಟಿನ್‌ನ ಈ ‘ಬ’ದೊಳಗೆ ‘ಆಗು, ಇರು’ ಎನ್ನುವ ‘ಭೂ’ ಧಾತು ಇದೆ ಎಂದು ಬಾಪ್ ಗುರುತಿಸಿದರು. ನಾವು ದಿನಾ ಆಡುವ ‘ಭವಿಷ್ಯ’ವೂ ಅದೇ ಧಾತುವಿನದು. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಧ್ವನಿಗಳೂ ಸುಮ್ನೆ ಹೊಂದಿಸಿದ್ದಲ್ಲ. ಸಂಸ್ಕೃತದ ‘ಭ’ ಇರುವ ಕಡೆ ಲ್ಯಾಟಿನ್‌ನಲ್ಲಿ ಪದದ ಮೊದಲಲ್ಲಿ ‘ಫ’, ನಡುವೆ ‘ಬ’: ಭ್ರಾತೃ–ಫ್ರಾತೆರ್, ನಭ–ನೆಬುಲಾ. ಫಲಿಸ್ಕನ್ ನಡುವೆಯೂ ‘ಫ’ವನ್ನೇ ಉಳಿಸಿಕೊಂಡಿತು. ಇನ್ನು ‘ಇರು’ ಎನ್ನುವ ಪದ ಇನ್ನೊಂದು ಕ್ರಿಯಾಪದಕ್ಕೆ ಅಂಟಿಕೊಳ್ಳುವುದು ನಮಗೆ ಹೊಸದೇನಲ್ಲ. ‘ಹೋಗಿ ಇದ್ದೇನೆ’ ಎಂಬುದೇ ‘ಹೋಗಿದ್ದೇನೆ’ ಆಗಿದೆ, ಅಲ್ವಾ?

ತೊಡಕು ಬರುವುದು ಇನ್ನೊಂದು ಕವಲಿನಿಂದ. ದಕ್ಷಿಣ ಇಟಲಿಯ ಓಸ್ಕನ್ ಭಾಷೆಯಲ್ಲಿ ಭವಿಷ್ಯತ್ ಕಾಲಕ್ಕೆ ‘ಸ’ ಇದೆ. ‘ದೇವಾಸ್ತ್’ ಅಂದರೆ ಆಣೆ ಮಾಡುವನು. ಅದರ ಹತ್ತಿರದ ನೆಂಟ ಉಂಬ್ರಿಯನ್ ಭಾಷೆಯಲ್ಲೂ ಹಾಗೇ. ಆದರೆ ಅದೇ ಓಸ್ಕನ್‌ನಲ್ಲಿ ‘ಫುಫಾನ್ಸ್’ ಎಂಬ ರೂಪ ಸಿಕ್ಕಿದೆ. ಅಂದರೆ ‘ಅವರು ಇದ್ದರು’. ಇದರ ‘ಫಾ’ ಲ್ಯಾಟಿನ್ ‘ಅಮಾಬಾಮ್’ (ಪ್ರೀತಿಸುತ್ತಿದ್ದೆ) ಎಂಬುದರ ‘ಬಾ’ಗೆ ಸರಿಯಾಗಿ ಕೂರುತ್ತದೆ. ಎರಡೂ ಕವಲಿನಲ್ಲಿ ಇರುವುದರಿಂದ ಭೂತಕಾಲದ ಈ ಪ್ರತ್ಯಯವನ್ನು ತಾಯಿಭಾಷೆಗೂ ಕೊಡಬಹುದು. ಬರಹದಲ್ಲಿ ಸಿಗದ, ಊಹಿಸಿ ಕಟ್ಟಿದ ರೂಪ ಅಂತ ತೋರಿಸಲು ಮುಂದೆ ನಕ್ಷತ್ರ ಹಾಕಿ ಬರೆಯುತ್ತಾರೆ: *-ಫಾ-.

ಭವಿಷ್ಯದ ‘ಫೊ’ಗೆ ಆ ಬಲ ಇಲ್ಲ. ಅದು ಲ್ಯಾಟಿನ್–ಫಲಿಸ್ಕನ್ ಕಡೆಯವರು ಆಮೇಲೆ ಕಟ್ಟಿಕೊಂಡಿದ್ದು ಎಂಬುದೇ ನನಗೆ ಜಾಸ್ತಿ ಒಪ್ಪಿಗೆಯಾಗುತ್ತದೆ. ಅವರಿಬ್ಬರೂ ಎಲ್ಲ ಕಡೆ ಅದನ್ನು ಒಂದೇ ಥರ ಬಳಸಲಿಲ್ಲ. ಫಲೇರಿಯವನ ‘ಪಿಪಾಫೊ’ವನ್ನು ರೋಮಿನವನು ‘ಬಿಬಾಮ್’ ಎನ್ನುತ್ತಿದ್ದ. ಅಲ್ಲಿ ‘ಬೋ’ ಇಲ್ಲವೇ ಇಲ್ಲ.