ಮುದ್ರೆ ಇಲ್ಲದ ಬಿಳಿ ಉಂಗುರ: ಸ್ಟೀಲಾ, ಪ್ಲಾಟಿನಮ್ಮಾ?

ಹೋದ ತಿಂಗಳು ಶಿವಮೊಗ್ಗ ಕಡೆಯ ಹುಡುಗನೊಬ್ಬ ನನ್ನ ಹತ್ತಿರ ಬಂದಿದ್ದ. ಬರ್ಮಿಂಗ್‌ಹ್ಯಾಮ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ರಜೆ ಸಿಕ್ಕರೆ ಮೆಟಲ್ ಡಿಟೆಕ್ಟರ್ ಹಿಡಿದು ವೆಸ್ಟನ್-ಸೂಪರ್-ಮೇರ್ ಕಡಲತೀರ ಸುತ್ತುವ ಹುಚ್ಚು. ಟಿಶ್ಯೂ ಬಿಚ್ಚಿ ಒಂದು ಬೂದು ಉಂಗುರ ಮೇಜಿನ ಮೇಲಿಟ್ಟ. "ಅಣ್ಣ, ಸ್ಟೀಲು ಅಂತ ಬಿಸಾಕೋಕೆ ಹೊರಟಿದ್ದೆ. ಸುಮ್ನೆ ಒಂದ್ಸಲ ನೋಡಿ."

ಕೈಗೆತ್ತಿಕೊಂಡೆ. ಅಷ್ಟು ಸಣ್ಣ ಸ್ಟೀಲು ಅಷ್ಟು ಭಾರ ಇರುವುದಿಲ್ಲ.

ನಾನು ಬರ್ಮಿಂಗ್‌ಹ್ಯಾಮ್‌ನ ಒಡವೆ ಕೆಲಸದವರ ಬಡಾವಣೆ ಜ್ಯುವೆಲ್ಲರಿ ಕ್ವಾರ್ಟರ್‌ನಲ್ಲಿ ಕೆಲಸ ಮಾಡುವ ಅಕ್ಕಸಾಲಿಗ. ಕೈ ಕುದುರಿದ್ದು ಬೆಂಗಳೂರಿನ ನಗರ್ತಪೇಟೆಯಲ್ಲಿ. ಡಿಟೆಕ್ಟರ್‌ನವರು ತರುವ ಬಿಳಿ ಉಂಗುರಗಳಲ್ಲಿ ಜಾಸ್ತಿ ಬೆಳ್ಳಿ, ಸ್ಟೀಲು, ಟಂಗ್‌ಸ್ಟನ್ ಕಾರ್ಬೈಡ್. ಪ್ಲಾಟಿನಂ ಅಪರೂಪ. ಆದರೆ ಅಪರೂಪವಾಗಿರುವುದಕ್ಕೆ ಅರ್ಧ ಕಾರಣ ಅದನ್ನು ಅಗೆಯದೇ ಬಿಡುವುದು. ಪ್ಲಾಟಿನಂನಲ್ಲಿ ವಿದ್ಯುತ್ ಬೆಳ್ಳಿಯಷ್ಟು ಸಲೀಸಾಗಿ ಹರಿಯುವುದಿಲ್ಲ, ಹಾಗಾಗಿ ಲೋಹ ಯಾವುದಿರಬಹುದು ಅಂತ ಡಿಟೆಕ್ಟರ್ ತೋರಿಸುವ ನಂಬರುಗಳಲ್ಲಿ ಬೆಳ್ಳಿ ಮೇಲೆಲ್ಲೋ ಬಂದರೆ ಪ್ಲಾಟಿನಂ ಕೆಳಗೆ, ಚಾಕೊಲೇಟ್ ಸುತ್ತುವ ಫಾಯಿಲ್ ಬರುವ ಜಾಗದಲ್ಲಿ ಬರುತ್ತದೆ. ಕಸ ಬೇಡ ಅಂತ ಆ ನಂಬರುಗಳನ್ನು ಮುಚ್ಚಿಟ್ಟವರಿಗೆ ಉಂಗುರದ ಸದ್ದೂ ಕೇಳುವುದಿಲ್ಲ.

ಮುದ್ರೆ ಇಲ್ಲ ಅಂದ ಮಾತ್ರಕ್ಕೆ ನಕಲಿ ಅಲ್ಲ. ಬ್ರಿಟನ್ನಿನಲ್ಲಿ ಪ್ಲಾಟಿನಂಗೆ ಹಾಲ್‌ಮಾರ್ಕ್ ಶುರುವಾಗಿದ್ದೇ 1975ರಲ್ಲಿ. ಅದಕ್ಕೂ ಮುಂಚೆ ಮಾಡಿದವರು ಮನಸ್ಸು ಬಂದರೆ 'ಪ್ಲಾಟ್' ಅಂತ ಒತ್ತುತ್ತಿದ್ದರು, ಇಲ್ಲವಾದರೆ ಇಲ್ಲ. ಇನ್ನು ಅಳತೆ ಕಡಿಮೆ ಮಾಡುವಾಗ ಮುದ್ರೆ ಇದ್ದ ತುಂಡೇ ಕತ್ತರಿಸಿ ಹೋಗಿರುತ್ತದೆ. ಈ ಹುಡುಗನ ಉಂಗುರದಲ್ಲಿ ಆಗಿದ್ದೂ ಅದೇ ಇರಬೇಕು. ಭೂತಗನ್ನಡಿ ಹಿಡಿದರೆ ಒಳಗಡೆ ಕೂದಲೆಳೆಯಂಥ ಬೆಸುಗೆ ಗೆರೆ ಕಂಡಿತು. ಸ್ಟೀಲಿನ ಅಗ್ಗದ ಉಂಗುರವನ್ನು ಯಾರು ಕತ್ತರಿಸಿ ಬೆಸೆಯುತ್ತಾರೆ, ಅಲ್ವಾ?

ಕಣ್ಣಿಗೆ ಕಾಣುವುದು ಇನ್ನೂ ಇದೆ. ಉಪ್ಪು ಕೆಸರಲ್ಲಿ ಬಿದ್ದ ಬೆಳ್ಳಿ ಕಪ್ಪಾಗುತ್ತದೆ. ವೈಟ್ ಗೋಲ್ಡ್, ಅಂದರೆ ಬಿಳಿ ಲೋಹ ಬೆರೆಸಿದ ಚಿನ್ನ, ಅದರ ಮೇಲಿನ ರೋಡಿಯಂ ಲೇಪ ಸವೆದು ಅಂಚಲ್ಲಿ ಹಳದಿ ಇಣುಕುತ್ತದೆ. ಪ್ಲಾಟಿನಂ ಕಳೆದುಹೋದಾಗ ಹೇಗಿತ್ತೋ ಹಾಗೇ ಬರುತ್ತದೆ, ಗೀರುಗಳಿಂದ ಮಂಕಾದ ಬೂದು ಬಿಳಿ.

ಇಷ್ಟೆಲ್ಲ ಊಹೆ. ನಾನು ನಂಬುವುದು ನೀರಿನ ತೂಕವನ್ನು. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಮೊದಲು ಉಂಗುರವನ್ನು ಒಣಗಿಸಿ ತೂಗಿ. ನಮ್ಮದು 6.24 ಗ್ರಾಂ ಬಂತು. ಆಮೇಲೆ ಲೋಟದಲ್ಲಿ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಉಂಗುರವನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಗುಳ್ಳೆ ಅಂಟಿದ್ದರೆ ಅಲ್ಲಾಡಿಸಿ ಬಿಡಿಸಿ. ತಕ್ಕಡಿ 0.30 ತೋರಿಸಿತು. 6.24 ಭಾಗಿಸು 0.30, ಅಂದರೆ 20.8. ಇದೇ ಸಾಂದ್ರತೆ, ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಅನ್ನುವ ಲೆಕ್ಕ. ಸ್ಟೀಲು 8ರ ಆಸುಪಾಸು, ಆಭರಣದ ಬೆಳ್ಳಿ 10ಕ್ಕಿಂತ ಸ್ವಲ್ಪ ಮೇಲೆ, ಪಲ್ಲಾಡಿಯಂ ಅನ್ನುವ ಇನ್ನೊಂದು ಬಿಳಿ ಲೋಹ 12, 18 ಕ್ಯಾರೆಟ್ ವೈಟ್ ಗೋಲ್ಡ್ 15ರ ಹತ್ತಿರ, ಟಂಗ್‌ಸ್ಟನ್ ಕಾರ್ಬೈಡ್ ಕೂಡ ಅಲ್ಲೇ. 20 ದಾಟುವುದು ಪ್ಲಾಟಿನಂ.

ಎರಡು ಕಡೆ ಇದು ಕೈಕೊಡುತ್ತದೆ. ಎರಡೇ ಗ್ರಾಂ ಉಂಗುರವಾದರೆ ನೀರಿನ ಅಂಕಿ 0.10ರ ಹತ್ತಿರ ಬರುತ್ತದೆ, ಅದರಲ್ಲಿ 0.01 ಆಚೀಚೆ ಆದರೂ ಲೆಕ್ಕ ಹತ್ತಕ್ಕೆ ಒಂದು ಭಾಗ ತಪ್ಪುತ್ತದೆ. ಕಲ್ಲು ಕೂರಿಸಿದ್ದರಂತೂ ಇನ್ನೂ ಮೋಸ. ವಜ್ರದ ಸಾಂದ್ರತೆ ಬರೀ 3.52. 4 ಗ್ರಾಂ ಪ್ಲಾಟಿನಂ ಉಂಗುರದಲ್ಲಿ ಅರ್ಧ ಕ್ಯಾರೆಟ್, ಅಂದರೆ 0.1 ಗ್ರಾಂ ತೂಕದ ವಜ್ರ ಇದ್ದರೆ ಒಟ್ಟು ಲೆಕ್ಕ 18.5ಕ್ಕೆ ಇಳಿಯುತ್ತದೆ. ಹಾಗಂತ ಪ್ಲಾಟಿನಂ ಅಲ್ಲ ಅಂದುಬಿಡಬೇಡಿ.

ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಪ್ಲಾಟಿನಂ ಗುಳ್ಳೆ ಎಬ್ಬಿಸುತ್ತದೆ, ನಿಜ. ಬೆಳ್ಳಿಯೂ ಎಬ್ಬಿಸುತ್ತದೆ, ಪಲ್ಲಾಡಿಯಂ ಕೂಡ, ಸರಿಯಾಗಿ ತೊಳೆಯದಿದ್ದರೆ ಕೊಳೆಯೂ. ಸ್ಟೀಲು ಬೇರೆ ಮಾಡಲು ಸಾಕು, ಅಷ್ಟೇ. ಅಯಸ್ಕಾಂತಕ್ಕೆ ಸ್ವಲ್ಪ ಎಳೆಯಿತು ಅಂತಲೂ ಬಿಸಾಕಬೇಡಿ. ಕೋಬಾಲ್ಟ್ ಬೆರೆಸಿದ ಪ್ಲಾಟಿನಂ ಗಟ್ಟಿ ಅಯಸ್ಕಾಂತಕ್ಕೆ ತುಸು ವಾಲುತ್ತದೆ. ಒರೆಗಲ್ಲು ಮತ್ತು ಆಸಿಡ್ ಮನೆಯಲ್ಲಿ ಬೇಡವೇ ಬೇಡ, ಆ ಹೊಗೆ ಒಳ್ಳೆಯದಲ್ಲ.

ಬೆಂಕಿಯಂತೂ ಮುಟ್ಟಲೇಬೇಡಿ. ಕಲಿಯುವ ದಿನಗಳಲ್ಲಿ ಮುದ್ರೆ ಇಲ್ಲದ ಒಂದು ಉಂಗುರವನ್ನು ಪ್ಲಾಟಿನಂ ಅಂತಲೇ ನಂಬಿ ಜೋರು ಉರಿ ಕೊಟ್ಟೆ. ಪ್ಲಾಟಿನಂ ಕರಗಲು 1768 ಡಿಗ್ರಿ ಬೇಕು, ಏನಾಗುತ್ತೆ ಅನ್ನುವ ಧೈರ್ಯ. ನೋಡನೋಡುತ್ತ ಅದು ಗುಂಡಾಗಿ ಉರುಳಿತು. ವೈಟ್ ಗೋಲ್ಡ್. ಅಪ್ಪ ಬಯ್ಯಲಿಲ್ಲ, ಆ ಗುಂಡನ್ನು ಒಂದು ವಾರ ನನ್ನ ಕಣ್ಣೆದುರೇ ಇಟ್ಟಿದ್ದರು.

ಕೊನೆಗೆ ಎಕ್ಸ್-ರೇ ಬಿಟ್ಟು ಯಾವ ಲೋಹ ಎಷ್ಟಿದೆ ಅಂತ ಹೇಳುವ ಎಕ್ಸ್‌ಆರ್‌ಎಫ್ ಯಂತ್ರ. ಅದು ನೋಡುವುದು ಮೇಲ್ಪದರ ಮಾತ್ರ, ಲೇಪ ಇದ್ದರೆ ಲೇಪವನ್ನೂ ಸೇರಿಸಿ ಓದುತ್ತದೆ. ಹಾಗಾಗಿ ಉಂಗುರದ ಒಳಗಡೆ, ಸವೆದ ಜಾಗದಲ್ಲಿ ಓದಿಸಿ ಅಂತ ಕೇಳಿ. ನಮ್ಮದು ನೂರಕ್ಕೆ 95 ಪ್ಲಾಟಿನಂ, ಉಳಿದದ್ದು ರುಥೇನಿಯಂ ಅನ್ನುವ ಬೆರಕೆ ಲೋಹ ಅಂತ ತೋರಿಸಿತು.

ಹುಡುಗ ಬಾಯಿ ಬಿಟ್ಟು ನೋಡಿದ. "ಹಂಗಾದ್ರೆ ಮಾರಬಹುದಾ ಅಣ್ಣ?"

"ತಡಿಯಪ್ಪಾ" ಅಂದೆ. ಇಲ್ಲಿ ಅಂಗಡಿಯವರು ಅರ್ಧ ಗ್ರಾಂಗಿಂತ ಜಾಸ್ತಿ ತೂಕದ ಹೊಸ ಕಾಲದ ಉಂಗುರವನ್ನು ಹಾಲ್‌ಮಾರ್ಕ್ ಇಲ್ಲದೆ ಪ್ಲಾಟಿನಂ ಅಂತ ಮಾರುವ ಹಾಗಿಲ್ಲ. ಅದಕ್ಕಿಂತ ಮುಖ್ಯ, ಕಳೆದುಕೊಂಡವರನ್ನು ಹುಡುಕುವ ಪ್ರಯತ್ನವನ್ನೇ ಮಾಡದೆ ಇಟ್ಟುಕೊಂಡರೆ ಅದು ಕಳ್ಳತನ ಅಂತ ಆಗಬಹುದು. ಈ ಉಂಗುರದ ಒಳಗೆ ಬೆಸುಗೆ ಗೆರೆಯ ಪಕ್ಕ ಎರಡು ಅಕ್ಷರ, ಒಂದು ತಾರೀಖು ಕೊರೆದಿದೆ. ಅರ, ಆಸಿಡ್ ಮುಟ್ಟಿಸದೆ ಇದ್ದದ್ದಕ್ಕೆ ಅವು ಉಳಿದಿವೆ. ಅಕ್ಷರ ಯಾವುದು ಅಂತ ಹೇಳದೆ, ಉಂಗುರ ಸಿಕ್ಕಿದೆ ಅಂತ ಮಾತ್ರ ವೆಸ್ಟನ್ ಸುತ್ತಮುತ್ತ ತಿಳಿಸಿದ್ದಾನೆ. ಇಲ್ಲಿಯವರೆಗೆ ಮೂವರು ಫೋನ್ ಮಾಡಿದ್ದಾರಂತೆ. ಮೂವರೂ ತಮ್ಮದು ಚಿನ್ನದ್ದು ಅಂದರಂತೆ.